ಅಮ್ಮನ ಮುಖ ಬರೆಸಲು ಕೊಯಮತ್ತೂರಿಗೆ

ಕೊಯಮತ್ತೂರು ಪರದೇಶವೇ ಎಂದು ಓದುಗರು ನಗಬಹುದು. ಚಾಮರಾಜನಗರದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದವನು ದೀಪ ಹಚ್ಚುವ ಹೊತ್ತಿಗೆ ಅಲ್ಲಿರುತ್ತಾನೆ. ಆದರೂ ನಮ್ಮ ಸಂಸ್ಥಾನದ ಗಡಿಯನ್ನು ನಾನು ದಾಟಿದ್ದು ಇಪ್ಪತ್ತೆರಡು ವರ್ಷಗಳಲ್ಲಿ ಇದೇ ಮೊದಲು. ದಾಟಿದ ಮೇಲೆ ಮೈಲಿಗಲ್ಲಿನ ಅಕ್ಷರ ಬೇರೆ, ಕಾಫಿ ಕೊಡುವ ರೀತಿ ಬೇರೆ, ಹೆಂಗಸರು ಸೆರಗು ಹೊದೆಯುವ ಬಗೆ ಬೇರೆ. ದಿನಚರಿಯ ಹೊಸ ಪುಟದಲ್ಲಿ ‘ಪರದೇಶ’ ಎಂದೇ ಬರೆದು ಅಡಿಗೆರೆ ಎಳೆದೆ.

ಹೋದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಾಯಿ ತೀರಿಕೊಂಡು ಹನ್ನೆರಡು ವರ್ಷವಾಯಿತು. ಆಗ ನನಗೆ ಹತ್ತು, ತಂಗಿ ಶಾರದೆಗೆ ಒಂದೂವರೆ. ಅಮ್ಮನದು ಇರುವುದು ಒಂದೇ ಫೋಟೋ, ಅದೂ ಯಾರದೋ ಮದುವೆಯದು. ಹದಿನಾಲ್ಕು ಜನರ ನಡುವೆ ಹಿಂದಿನ ಸಾಲಿನಲ್ಲಿ ನಿಂತಿದ್ದ ಅಮ್ಮ, ಫೋಟೋ ತೆಗೆಯುವ ಗಳಿಗೆಯಲ್ಲೇ ತಲೆ ಅಲ್ಲಾಡಿಸಿದ್ದಾಳೆ. ಮುಖ ಹುಣಸೆಬೀಜದಷ್ಟಿದೆ, ಅದೂ ಬೆರಳಿನಿಂದ ಒರೆಸಿದ ಹಾಗಿದೆ. ಶಾರದೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ದೂರ ಇಟ್ಟು, ಹತ್ತಿರ ತಂದು ನೋಡುತ್ತಾಳೆ. “ಅಣ್ಣ, ಅಮ್ಮ ಹೇಗಿದ್ದಳು?” ಎಂದು ಕೇಳುತ್ತಾಳೆ. ನನಗೆ ಸೀರೆಯ ಬಣ್ಣ ನೆನಪಿದೆ, ಬಳೆಯ ಸದ್ದು ನೆನಪಿದೆ, ಮುಖ ಮಾತ್ರ ಇಲ್ಲ. ಅಪ್ಪನನ್ನು ಕೇಳುವ ಹಾಗಿಲ್ಲ. ಅಮ್ಮನ ಮಾತು ಬಂದ ಕೂಡಲೇ ಅವರು ಎದ್ದು ಅಂಗಡಿಗೆ ಹೋಗುತ್ತಾರೆ.

ಅಪ್ಪನದು ನೂಲಿನ ಅಂಗಡಿ. ಕೊಯಮತ್ತೂರಿನ ಕಡೆಯಿಂದ ಬರುವ ನೂಲಿನ ಕಂತೆಗಳ ಮೇಲೆ ಅಂಗೈಯಗಲದ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಚೀಟಿಯಲ್ಲಿ ಲಕ್ಷ್ಮಿ, ಶಕುಂತಲೆ, ಕೊಡ ಹೊತ್ತ ಹುಡುಗಿ, ಹೀಗೆ ಏನಾದರೂ ಚಿತ್ರವಿರುತ್ತದೆ. ಕೆಳಗಿನ ಮೂಲೆಯಲ್ಲಿ ‘ತಿ. ರಾಜು’ ಎಂಬ ಸಣ್ಣ ಸಹಿ ಇರುವ ಚೀಟಿಗಳನ್ನು ನಾನು ಹನ್ನೊಂದನೆಯ ವಯಸ್ಸಿನಿಂದ ನೀರಿನಲ್ಲಿ ನೆನೆಸಿ, ಬಿಡಿಸಿ, ಪುಸ್ತಕಕ್ಕೆ ಅಂಟಿಸಿ, ಬಂದ ತಾರೀಖು ಬರೆದಿಟ್ಟಿದ್ದೇನೆ. ಒಟ್ಟು ಅರವತ್ತಮೂರು. ಲೋಕದಲ್ಲಿ ಅಂಥ ಚಿತ್ರಗಾರ ಇನ್ನೊಬ್ಬನಿಲ್ಲ ಎಂದು ನನ್ನ ನಂಬಿಕೆಯಾಗಿತ್ತು. ಆ ತಿರುವೇಂಗಡ ರಾಜು ಅವರು ಕೊಯಮತ್ತೂರಿನಲ್ಲಿ ತಮ್ಮ ಚಿತ್ರಗಳ ಪ್ರದರ್ಶನ ಇಟ್ಟಿದ್ದಾರೆ, ಫೋಟೋ ಕೊಟ್ಟರೆ ತೈಲಚಿತ್ರವನ್ನೂ ಬರೆದುಕೊಡುತ್ತಾರೆ ಎಂದು ನೂಲಿನ ಏಜೆಂಟರೊಬ್ಬರು ಹೇಳಿದಾಗ, ನಾನು ಮೇಷ್ಟ್ರಾಗಿರುವ ಶಾಲೆಗೆ ಆರು ದಿನದ ರಜೆ ಬರೆದುಕೊಟ್ಟೆ. ಹೊರಡುವ ದಿನ ನೋಡಿದರೆ ಪಡಸಾಲೆಯ ಗೋಡೆಗೆ ಅಪ್ಪ ಒಂದು ಹೊಸ ಮೊಳೆ ಹೊಡೆದಿದ್ದರು.

ಫೆಬ್ರವರಿ ೫, ಬುಧವಾರ: ಗಡಿ ಮತ್ತು ಘಾಟಿ

ಗಡಿಯ ಚೌಕಿಯಲ್ಲಿ ಗಂಧದ ಕಳ್ಳಸಾಗಣೆ ನಡೆಯದಂತೆ ಪೆಟ್ಟಿಗೆಗಳನ್ನು ಶೋಧಿಸುತ್ತಾರೆ. ನನ್ನ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಜವಾನನ ಮೂಗು ಅರಳಿತು.

“ಎಲ್ಲಿಟ್ಟಿದ್ದೀರಿ ಗಂಧದ ತುಂಡು?”

“ತುಂಡಲ್ಲ, ಸೋಪು. ದೊಡ್ಡಮ್ಮನಿಗೆ ಒಯ್ಯುತ್ತಿದ್ದೇನೆ.”

ಮೂರು ಸೋಪಿನ ಕಾಗದವನ್ನೂ ಬಿಚ್ಚಿಸಿ ಒಂದೊಂದನ್ನೇ ಮೂಸಿ ನೋಡಿದ. ಮೂರನೆಯದನ್ನು ಎರಡು ಸಲ ಮೂಸಿದ. ಅಷ್ಟು ಹೊತ್ತೂ ಬಸ್ಸಿನ ಜನ ನನ್ನನ್ನು ಕಳ್ಳನೆಂಬಂತೆ ನೋಡಿದರು. ದಿಂಬಂ ಘಾಟಿಯ ತಿರುವುಗಳನ್ನು ಎಣಿಸಲು ಹೊರಟವನು ಹದಿನೇಳಕ್ಕೆ ನಿಲ್ಲಿಸಬೇಕಾಯಿತು. ಪಕ್ಕದಲ್ಲಿದ್ದ ಮುದುಕರು ನನ್ನ ತೊಡೆಯ ಮೇಲೆ ವಾಂತಿ ಮಾಡಿಕೊಂಡರು. ಸತ್ಯಮಂಗಲದಲ್ಲಿ ನದಿಯ ನೀರಿನಲ್ಲಿ ಪಂಚೆ ತೊಳೆದುಕೊಳ್ಳುತ್ತಿದ್ದಾಗ ಅದೇ ಮುದುಕರು ಬಂದು, ಸ್ವಲ್ಪವೂ ಸಂಕೋಚವಿಲ್ಲದೆ, ನನಗೊಂದು ನಿಂಬೆಹಣ್ಣು ಕೊಟ್ಟು “ನೀವು ಮೂಸಿಕೊಳ್ಳಿ, ಮುಖ ಬಾಡಿದೆ” ಎಂದರು.

ಫೆಬ್ರವರಿ ೬ ಮತ್ತು ೭: ನೆಗಮಂ

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಕೊಯಮತ್ತೂರಿನಿಂದ ರೈಲಿನಲ್ಲಿ ಹೋಗಿ, ಕಿಣತ್ತುಕಡವಿನಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ಅವಳ ಊರು ನೆಗಮಂ ಸೇರಿದೆ. ಅಮ್ಮ ಹುಟ್ಟಿದ್ದೂ ಅದೇ ಬೀದಿಯಲ್ಲಿ, ನಾನು ಕಂಡದ್ದು ಮಾತ್ರ ಆಗಲೇ. ಮನೆಮನೆಯಲ್ಲೂ ಮಗ್ಗ, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಕೈಗೆ ಕೊಟ್ಟ ಅಪ್ಪನ ಕಾಗದವನ್ನು ದೊಡ್ಡಪ್ಪ ಕಣ್ಣಿಗೆ ಒತ್ತಿಕೊಂಡು ನನಗೇ ಹಿಂದಕ್ಕೆ ಕೊಟ್ಟರು.

“ನೀನೇ ಓದು ಕಣ್ಣು. ಮಾತು ನಮ್ದು, ಎಳುತ್ತು ನಮಗೆ ಬರಾದಿಲ್ಲ,” ಎಂದರು. ಎಳುತ್ತು ಎಂದರೆ ಅಕ್ಷರ. ‘ಕಣ್ಣು’ ಎಂದು ಅಲ್ಲಿ ಅಕ್ಕರೆಯಿಂದ ಯಾರನ್ನಾದರೂ ಕರೆಯುತ್ತಾರೆ. ನನ್ನನ್ನು ಮೊದಲ ದಿನವೇ ಇಪ್ಪತ್ತು ಸಲ ಹಾಗೆ ಕರೆದರು.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ನದಿಯೋ ಬಾವಿಯೋ ಇದ್ದೀತೆಂದು ಬೀದಿಗೆ ಇಳಿದೆ. ಎದೆಗೆ ಏನೋ ತಗುಲಿತು. ಬೀದಿಯ ಉದ್ದಕ್ಕೂ, ಆ ತುದಿಯಿಂದ ಈ ತುದಿಗೆ, ನೇಯುವ ಮೊದಲು ಸೀರೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಬಿಗಿದು ಗಂಜಿ ಹಚ್ಚುತ್ತಿದ್ದರು. ಮಬ್ಬಿನಲ್ಲಿ ನನಗದು ಕಾಣಲೇ ಇಲ್ಲ.

“ನಿಲ್ಲು, ನಿಲ್ಲು! ಅಲ್ಲಾಡಬೇಡ!” ಎಂದು ದೊಡ್ಡಪ್ಪ ಆಚೆಯಿಂದ ಓಡಿ ಬಂದರು. “ಮೈಸೂರಲ್ಲಿ ಬೀದಿ ಇರಾದು ನಡೆಯಕ್ಕೆ ಮಾತ್ರವಾ? ಎಷ್ಟು ಎಳೆ ಹೋಯ್ತು?”

ನಾನು ಎಣಿಸಿ ಹೇಳಿದೆ. “ಒಂಬತ್ತು.”

“ಪರವಾಯಿಲ್ಲೆ, ಎಣಿಕೆ ಬತ್ತದೆ ನಿನಗೆ,” ಎಂದು ನಕ್ಕು, ನಾನು ನೋಡುತ್ತಿದ್ದಂತೆಯೇ ಒಂಬತ್ತನ್ನೂ ಹೊಸೆದು ಕೂಡಿಸಿದರು. ಆ ಹೊತ್ತಿಗೆ ಒಂದು ಎತ್ತಿನ ಗಾಡಿ ಬಂತು. ಗಾಡಿಯವನು ಏನೂ ಕೇಳದೆ ಗಾಡಿ ನಿಲ್ಲಿಸಿ ಬೀಡಿ ಹಚ್ಚಿದ. ಗಂಜಿ ಒಣಗುವ ತನಕ ಆ ಬೀದಿಯಲ್ಲಿ ಯಾರಿಗೂ ಅವಸರವಿಲ್ಲ. ನಮ್ಮೂರಿನಲ್ಲಾದರೆ ಅಮಲ್ದಾರರಿಗೆ ಅರ್ಜಿ ಹೋಗುತ್ತಿತ್ತು.

ಫೋಟೋದಲ್ಲಿ ಮುಖ ಸರಿಯಾಗಿ ಇಲ್ಲವಾದ್ದರಿಂದ ರಾಜು ಅವರಿಗೆ ಅಮ್ಮನ ಗುರುತುಗಳ ಪಟ್ಟಿಯೊಂದನ್ನು ಕೊಡಬೇಕೆಂದು ನನ್ನ ಯೋಚನೆ. ಅಮ್ಮನನ್ನು ಕಂಡಿದ್ದ ಹನ್ನೊಂದು ಜನರನ್ನು ಬೀದಿಯಲ್ಲಿ ಹುಡುಕಿ ಕೇಳಿದೆ. ದಿನಚರಿಯಲ್ಲಿ ಹೀಗಿದೆ: ಮಚ್ಚೆ ಎಡಗೆನ್ನೆಯಲ್ಲಿ ಎಂದವರು ೪, ಬಲಗೆನ್ನೆಯಲ್ಲಿ ೩, ಮಚ್ಚೆಯೇ ಇರಲಿಲ್ಲ ೨, ಮಚ್ಚೆ ಇದ್ದದ್ದು ಅಕ್ಕನಿಗೆ ೨. ಬಣ್ಣ: ಬಿಳುಪು ೨, ಎಣ್ಣೆಗೆಂಪು ೫, ಕಪ್ಪು ೪.

ದೊಡ್ಡಮ್ಮನಿಗೆ ಮಚ್ಚೆ ಇರಲಿಲ್ಲ. ನಾನು ಅವಳ ಎರಡೂ ಕೆನ್ನೆಗಳನ್ನು ದೀಪದ ಬೆಳಕಿನಲ್ಲಿ ನೋಡಿದೆ.

“ನನಗಿಂತ ಕೊಂಚ ಬಣ್ಣ ಜಾಸ್ತಿ ಅವಳು,” ಎಂದಳು ದೊಡ್ಡಮ್ಮ. “ಅದಕ್ಕೇ ಅವಳನ್ನ ಮೈಸೂರು ಸೀಮೆಯವರು ಕೇಳಿಕೊಂಡು ಬಂದ್ರು. ನನ್ನ ಈ ಮನೆಯವರು ಸೀರೆ ಜೊತೆ ಸೇರಿಸಿ ತಕ್ಕೊಂಡ್ರು.”

“ನೂಲು ಸುತ್ತೋ ಕೈ ನೋಡಿ ತಕ್ಕೊಂಡದ್ದು,” ಎಂದರು ದೊಡ್ಡಪ್ಪ ಮಗ್ಗದ ಗುಂಡಿಯಿಂದಲೇ. “ಮುಖ ನಾನು ಇವತ್ತಿಗೂ ಸರಿಯಾಗಿ ನೋಡಿಲ್ಲ.”

ಅವರ ದೇವರ ಮನೆಯಲ್ಲಿ ಚೌಡೇಶ್ವರಿಯ ಚಿತ್ರವಿತ್ತು. ನೂಲಿನ ಕಂತೆಯ ಮೇಲೆ ಬಂದದ್ದು, ಕಟ್ಟು ಹಾಕಿಸಿದ್ದಾರೆ. ಮೂಲೆಯಲ್ಲಿ ‘ತಿ. ರಾಜು’! ನನ್ನ ಪುಸ್ತಕದಲ್ಲಿ ಇದು ಇರಲಿಲ್ಲ, ಅರವತ್ತನಾಲ್ಕನೆಯದು. ಈ ದೇವಿಯನ್ನು ಬರೆದವರ ಹತ್ತಿರವೇ ಹೋಗುತ್ತಿದ್ದೇವೆ ಎಂದಾಗ ದೊಡ್ಡಮ್ಮ ಗಲ್ಲ ಗಲ್ಲ ಬಡಿದುಕೊಂಡು, “ಹಂಗಾದ್ರೆ ನಾನೂ ಬತ್ತೀನಿ. ತಂಗಿ ಮುಖ ನಾನೇ ಬಾಯಲ್ಲಿ ಹೇಳ್ತೀನಿ, ಅವ್ರು ಬರೀಲಿ,” ಎಂದಳು.

ಫೆಬ್ರವರಿ ೮, ಶನಿವಾರ: ಪ್ರದರ್ಶನ

ಪ್ರದರ್ಶನ ಇದ್ದದ್ದು ಹತ್ತಿಯ ದಲ್ಲಾಳಿಯೊಬ್ಬರ ದೊಡ್ಡ ಬಂಗಲೆಯ ಹಜಾರದಲ್ಲಿ. ವಿದ್ಯುತ್ ದೀಪಗಳನ್ನು ಹಗಲಲ್ಲೇ ಹಾಕಿದ್ದರು. ಗೋಡೆಗೆ ಆಳೆತ್ತರದ ಚಿತ್ರಗಳು. ಅಂಗೈಯಗಲದಲ್ಲಿ ನೋಡಿದ್ದನ್ನು ಅಷ್ಟು ದೊಡ್ಡದಾಗಿ, ಅಷ್ಟು ಹೊಳಪಾಗಿ ನೋಡಿ, ಮೊದಲು ಮೂಲೆಯ ಸಹಿಗಳನ್ನು ಹುಡುಕಿದೆ. ಸೀರೆಯ ಜರಿ ಮುಟ್ಟಿದರೆ ಕೈಗೆ ಹತ್ತುವಂತಿತ್ತು. ಬಾಗಿಲ ಎದುರಿಗೇ ಚೌಡೇಶ್ವರಿ. ದೊಡ್ಡಮ್ಮ ನೆಲಕ್ಕೆ ಹಣೆ ತಾಗಿಸಿ ನಮಸ್ಕಾರ ಮಾಡಿದಳು. ಅಲ್ಲಿದ್ದ ಇಬ್ಬರು ವಕೀಲರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಎರಡನೆಯ ಚಿತ್ರ ಬಾವಿಕಟ್ಟೆಯ ಹುಡುಗಿ. ದೊಡ್ಡಮ್ಮ ಅದಕ್ಕೂ ಕೈಮುಗಿದಳು. ಮೂರನೆಯದು ಕನ್ನಡಿ ನೋಡಿಕೊಳ್ಳುವ ನರ್ತಕಿ. ಅದಕ್ಕೂ ಕೈಮುಗಿದಳು. ವಕೀಲರು ನಗುತ್ತಿದ್ದರು. ನನಗೆ ನಾಚಿಕೆಯಾಯಿತು.

“ದೊಡ್ಡಮ್ಮ, ಅದು ದೇವರಲ್ಲ. ನಾಟ್ಯದವಳು.”

“ಚೌಡೇಶ್ವರಿ ಅಮ್ಮನೇ ತಾನೆ ಕಣ್ಣು? ವೇಷ ಹಾಕ್ಕೊಂಡವ್ಳೆ.”

“ಅಲ್ಲ ದೊಡ್ಡಮ್ಮ. ಇವಳು ಬೇರೆ.”

“ಹನ್ನೊಂದು ವರ್ಷ ದಿನಾ ಕುಂಕುಮ ಇಟ್ಟ ಮುಖ. ಕಿರೀಟ ತೆಗೆದುಬಿಟ್ರೆ ನನಗೆ ಗೊತ್ತಾಗಲ್ಲವಾ?” ಎಂದು ನಾಲ್ಕನೆಯ ಚಿತ್ರದತ್ತ ನಡೆದು, ಅಲ್ಲೂ ಕೈಮುಗಿದು, “ನೋಡು, ಇಲ್ಲೂ ನಿಂತವ್ಳೆ,” ಎಂದಳು.

ನಾಲ್ಕನೆಯದು ಶಕುಂತಲೆ. ನಾನು ಶಕುಂತಲೆಯನ್ನು ನೋಡಿ, ಹಿಂದಕ್ಕೆ ಹೋಗಿ ನರ್ತಕಿಯನ್ನು ನೋಡಿದೆ. ಬಾವಿಕಟ್ಟೆಗೆ ಹೋದೆ. ಚೌಡೇಶ್ವರಿಗೆ ಹೋದೆ. ಅದೇ ಹುಬ್ಬು, ಅದೇ ಚಿಕ್ಕ ಬಾಯಿ, ತುಸು ಎಡಕ್ಕೆ ವಾಲಿದ ಅದೇ ಕತ್ತು. ಚೀಟಿಗಳು ನನ್ನ ಕೈಗೆ ಒಂದೊಂದಾಗಿ, ತಿಂಗಳುಗಟ್ಟಲೆ ಅಂತರದಲ್ಲಿ ಬಂದಿದ್ದವು. ಒಂದರ ಪಕ್ಕ ಒಂದನ್ನು ಇಟ್ಟು ಮುಖ ನೋಡಬೇಕೆಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ನಾನಾದರೋ ಶಾಲೆಯಲ್ಲಿ ದಿನಾ ನಲವತ್ತೊಂದು ಮುಖಗಳ ಹಾಜರಿ ಹಾಕುವವನು!

ಪೆನ್ಸಿಲು ತೆಗೆದೆ. ಒಟ್ಟು ಚಿತ್ರ ೩೮. ಹೆಂಗಸರಿಲ್ಲದವು ೭. ಉಳಿದ ೩೧ರಲ್ಲಿ ಅದೇ ಮುಖ ೨೮. ಬಿಟ್ಟುಹೋದ ಮೂವರಲ್ಲಿ ಒಬ್ಬಳು ಬೆನ್ನು ತಿರುಗಿಸಿದ್ದಳು, ಒಬ್ಬಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು, ಒಬ್ಬಳು ದೂರದ ದೋಣಿಯಲ್ಲಿದ್ದಳು.

ಅಷ್ಟಾಗಿದ್ದರೆ ಚಿಂತೆಯಿರಲಿಲ್ಲ. ದೇವತೆಗಳನ್ನು ಯಾರು ಕಂಡಿದ್ದಾರೆ? ಆದರೆ ಕೊನೆಯ ಗೋಡೆಯಲ್ಲಿದ್ದವು ಮನೆತನದವರು ಬರೆಸಿದ ಚಿತ್ರಗಳು. ಗಿರಣಿಯ ಯಜಮಾನರ ಪತ್ನಿ, ಜಮೀನುದಾರರ ತಾಯಿ, ತೀರಿಕೊಂಡ ಒಬ್ಬ ಹೆಣ್ಣುಮಗಳು, ಹೀಗೆ ಐದು. ಕೆಳಗೆ ಹೆಸರಿನ ತಗಡು. ಜಮೀನುದಾರರ ತಾಯಿಗೆ ಬಿಳಿ ಕೂದಲು ಬರೆದಿದ್ದರು. ಕೂದಲಿನ ಕೆಳಗೆ ಬಾವಿಕಟ್ಟೆಯ ಹುಡುಗಿ ಕುಳಿತಿದ್ದಳು.

ಅದೇ ದಿನ: ಹಿಂದಿನ ಕೋಣೆ

ರಾಜು ಅವರು ಹಜಾರದ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಕಿತ್ತಳೆಹಣ್ಣು ಬಿಡಿಸುತ್ತಿದ್ದರು. ತೆಳ್ಳಗೆ, ಅರವತ್ತರ ಸುಮಾರು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಎಳೆಯ ವಯಸ್ಸಿನಲ್ಲಿ ಮೈಸೂರಿನಲ್ಲಿದ್ದವರಂತೆ, ಕನ್ನಡ ಚೆನ್ನಾಗಿ ಬರುತ್ತಿತ್ತು. ನಾನು ಮೈಸೂರು ಸೀಮೆಯ ಮೇಷ್ಟ್ರೆಂದು ತಿಳಿದು ಅರ್ಧ ಹಣ್ಣು ನನಗೆ ಕೊಟ್ಟರು. ಕೋಪಿಸಿಕೊಳ್ಳಲು ಸಿದ್ಧನಾಗಿ ಬಂದವನು ಕಿತ್ತಳೆ ತೊಳೆ ಹಿಡಿದು ಕುಳಿತೆ.

ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದರು. ನನ್ನ ಪಟ್ಟಿಯನ್ನೂ ಪೂರ್ತಿ ಓದಿದರು.

“ಮೇಷ್ಟ್ರೇ, ಇದರ ಪ್ರಕಾರ ಬರೀಬೇಕಾದ್ರೆ ಮೂರು ಹೆಂಗಸರು ಬೇಕಾಗ್ತಾರೆ,” ಎಂದು ನಕ್ಕರು. “ಇರಲಿ, ಚಿಂತೆಯಿಲ್ಲ. ಸೀರೆ ಯಾವ ಬಣ್ಣ? ಮೂಗುತಿ ಎಡಕ್ಕೋ ಬಲಕ್ಕೋ? ಅಷ್ಟು ಹೇಳಿಬಿಡಿ.”

“ಮುಖ?”

“ಮುಖ ನಾನು ನೋಡ್ಕೋತೀನಿ.”

“ಹೊರಗೆ ಇಪ್ಪತ್ತೆಂಟು ಮುಖ ಎಣಿಸಿದೆ. ಎಲ್ಲ ಒಂದೇ.”

ಅವರಿಗೆ ಸಿಟ್ಟು ಬರುತ್ತದೆಂದುಕೊಂಡೆ. ಅವರು ಬೀಜ ಉಗಿದು, “ಇಪ್ಪತ್ತೆಂಟಾ? ನಾನು ಎಣಿಸಿರಲಿಲ್ಲ,” ಎಂದರು. “ಮೂವತ್ತು ವರ್ಷದ ಕೆಳಗೆ ಒಂದು ಮುಖ ಜನಕ್ಕೆ ಹಿಡಿಸ್ತು. ಬೇರೆ ಬರೆದ್ರೆ ವಾಪಸ್ ಕಳಿಸ್ತಾರೆ. ಒಂದು ಮಾತು ಹೇಳ್ತೀನಿ ಕೇಳಿ. ಚಿತ್ರ ಮನೆಗೆ ಹೋದ ಮೊದಲನೇ ವರ್ಷ, ‘ಮೂಗು ಸ್ವಲ್ಪ ಬೇರೆ ಸ್ವಾಮೀ’ ಅಂತ ಬರೀತಾರೆ. ಎರಡನೇ ವರ್ಷ ಏನೂ ಬರೆಯಲ್ಲ. ಮೂರನೇ ವರ್ಷ ಸಿಕ್ಕಿದಾಗ, ‘ನಮ್ಮಮ್ಮ ಎದ್ದು ಬರೋ ಹಾಗಿದ್ದಾಳೆ’ ಅಂತ ಕಣ್ಣೀರು ಹಾಕ್ತಾರೆ. ಎಲ್ಲರೂ. ಒಬ್ಬರೂ ತಪ್ಪಿಲ್ಲ.”

“ನೋಡಿದ್ಯಾ?” ಎಂದಳು ದೊಡ್ಡಮ್ಮ ಸಂತೋಷದಿಂದ. “ಕೊಟ್ಟುಬಿಡು ಕಣ್ಣು. ಅವಳು ಬದುಕಿದ್ದಾಗ ಒಂದು ಒಳ್ಳೆ ಸೀರೆ ಉಟ್ಟವಳಲ್ಲ. ಪಡದಲ್ಲಾದ್ರೂ, ಚಿತ್ರದಲ್ಲಾದ್ರೂ, ಆ ದೇವಿ ಅಮ್ಮನ ಮುಖ ಬರ್ಲಿ. ಯಾರಿಗೆ ಸಿಗ್ತದೆ ಅಂಥ ಮುಖ?”

ಗೋಡೆಯ ಗೂಡಿನಲ್ಲಿ ಲಕೋಟೆಗಳ ಸಾಲಿತ್ತು. ಪ್ರತಿಯೊಂದರಲ್ಲೂ ಯಾರದೋ ತಾಯಿಯ, ಹೆಂಡತಿಯ ಫೋಟೋ. ರಾಜು ಅವರು ಖಾಲಿ ಲಕೋಟೆಯೊಂದನ್ನು ತೆಗೆದು ನನ್ನ ಮುಂದೆ ಚಾಚಿದರು. ನನಗೆ ಅಪ್ಪ ಹೊಡೆದ ಮೊಳೆ ನೆನಪಾಯಿತು. ಬರಿಗೈಯಲ್ಲಿ ಹೋಗಿ ಏನು ಹೇಳುವುದು? ಮೂರನೆಯ ವರ್ಷಕ್ಕೆ ಅಪ್ಪನೂ ನಾನೂ ನಂಬಬಹುದು. ಆದರೆ ಶಾರದೆಗೆ ಮೂರು ವರ್ಷ ಬೇಕಾಗಿಲ್ಲ. ಅವಳು ಮೊದಲ ದಿನವೇ ನಂಬುತ್ತಾಳೆ. ಬಾವಿಕಟ್ಟೆಯ ಹುಡುಗಿಯನ್ನು ಅಮ್ಮ ಎಂದುಕೊಂಡು ಮುದುಕಿಯಾಗುತ್ತಾಳೆ.

“ಬೇಡಿ,” ಎಂದೆ. “ನನ್ನ ತಂಗಿ ತಾಯಿಯನ್ನ ಕಂಡಿಲ್ಲ. ನೀವು ಬರೆದದ್ದೇ ಅವಳಿಗೆ ನಿಜ ಆಗಿಬಿಡುತ್ತೆ.”

ರಾಜು ಅವರು ಲಕೋಟೆಯನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತು ದೊಡ್ಡಮ್ಮನನ್ನೇ ನೋಡಿದರು.

“ನೀವೂ ಅವರೂ ಒಂದೇ ತಾಯಿ ಮಕ್ಕಳಾ?”

“ಆಮಾಂಗ, ಒಂದೇ ತಾಯಿ. ನಾನು ದೊಡ್ಡವಳು.”

“ಅಲ್ಲಿ ಕಿಟಕಿ ಹತ್ರ ಕೂತ್ಕೊಳ್ಳಿ ತಾಯಿ. ಅಲ್ಲಾಡಬೇಡಿ.”

ದೊಡ್ಡಮ್ಮನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಕೈಯಲ್ಲಿ ನೂಲಿಲ್ಲದೆ ಐದು ನಿಮಿಷ ಕೂತದ್ದನ್ನು ಆ ಎರಡು ದಿನಗಳಲ್ಲಿ ನಾನು ನೋಡಿರಲಿಲ್ಲ. “ಗಾಡಿಗೆ ಹೊತ್ತಾಯ್ತು,” ಎಂದಳು. “ಮನೇಲಿ ಅವ್ರು ಗಂಜಿ ಕುಡಿದ್ರೋ ಇಲ್ವೋ,” ಎಂದಳು. “ಇನ್ನೂ ಆಗಿಲ್ವಾ? ನಿಮ್ಮ ಕೈಗಿಂತ ನಮ್ಮ ಮಗ್ಗ ಬೇಗ,” ಎಂದು ಗದರಿದಳು. ರಾಜು ಅವರ ಕಪ್ಪು ಪೆನ್ಸಿಲು ಕಾಗದದ ಮೇಲೆ ಓಡುತ್ತಿತ್ತು. ಗಡಿಯಾರದಲ್ಲಿ ಹದಿನಾಲ್ಕು ನಿಮಿಷ.

ಕಾಗದ ತಿರುಗಿಸಿ ತೋರಿಸಿದರು. ದೊಡ್ಡಮ್ಮ ಅಲ್ಲಿದ್ದಳು. ಬತ್ತಿದ ಕೆನ್ನೆ, ದಾರ ಕಚ್ಚಿ ಕಚ್ಚಿ ಸವೆದ ಮುಂದಿನ ಹಲ್ಲು, ಈಗ ಎದ್ದುಬಿಡುತ್ತೇನೆ ಎನ್ನುವ ಹುಬ್ಬು. ಅರವತ್ತಮೂರು ಚೀಟಿಗಳಲ್ಲಿ, ಹೊರಗಿನ ಮೂವತ್ತೆಂಟರಲ್ಲಿ, ಇಂಥದ್ದು ಒಂದೂ ಇರಲಿಲ್ಲ. ಮುಖಗಳು ಒಂದೇ ಎಂದು ಎಣಿಸಿದಾಗ ಆದದ್ದಕ್ಕಿಂತ ಹೆಚ್ಚಿನ ಬೇಸರ ನನಗೆ ಆಗಲೇ ಆದದ್ದು. ರಾಜು ಅವರು ಮುಖ ಕಾಣುವ ಕಣ್ಣಿಲ್ಲದವರಾಗಿದ್ದರೆ ಕ್ಷಮಿಸಿ ಬರಬಹುದಿತ್ತು.

“ಹೀಗೆ ಬರೆಯಲು ಬರುತ್ತೆ ನಿಮಗೆ,” ಎಂದೆ. “ಮತ್ತೆ ಯಾಕೆ?”

“ಯಾಕೆ ಅಂತ ಅವರನ್ನೇ ಕೇಳಿ,” ಎಂದು ರಾಜು ದೊಡ್ಡಮ್ಮನತ್ತ ಕೈ ತೋರಿಸಿದರು.

ದೊಡ್ಡಮ್ಮ ಕಾಗದವನ್ನು ನೋಡಿ ಮುಖ ಗಂಟಿಕ್ಕಿದಳು. “ಯಾರು ಈ ಕೆಳವಿ, ಈ ಮುದುಕಿ?”

“ನೀನೇ ದೊಡ್ಡಮ್ಮ.”

“ನಾನಾ? ಇಷ್ಟು ಸುಕ್ಕಾ ನನಗೆ? ಅಂಥ ಅಮ್ಮನ್ನ ಬರೆದ ಕೈಯಲ್ಲಿ ಹಿಂಗಾ ಬರೀತಾರೆ? ಇದ ನಮ್ಮ ಮನೆಗೆ ತರಬೇಡ ಕಣ್ಣು, ಅವ್ರು ಇಪ್ಪತ್ತೈದು ವರ್ಷಕ್ಕೆ ಮೊದಲ ಸಲ ನನ್ನ ಮುಖ ನೋಡಿಬಿಡ್ತಾರೆ.”

ರಾಜು ಅವರು ನನ್ನನ್ನು ನೋಡಿ ಭುಜ ಕುಣಿಸಿದರು. ಕಾಗದವನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟರು. ಸಹಿ ಹಾಕಿ ಎಂದು ಕೇಳಿದೆ. “ಬೇಡ,” ಎಂದರು. “ಆಮೇಲೆ ಎಲ್ಲರೂ ‘ನಮಗೆ ಇಂಥದ್ದು ಬೇಡ’ ಅಂತ ಹೇಳೋಕೆ ನನ್ನ ಹತ್ರ ಬರ್ತಾರೆ.” ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ, ಬಾಯಲ್ಲಿ ಕಿತ್ತಳೆ ಇತ್ತು.

ರೈಲಿನಲ್ಲಿ ದೊಡ್ಡಮ್ಮ ಎದುರಿನ ಹೆಂಗಸಿಗೆ ತಮಿಳಿನಲ್ಲಿ ಇಡೀ ಕತೆಯನ್ನು ಹೇಳಿದಳು. ಚೌಡೇಶ್ವರಿ ಅಮ್ಮನನ್ನು ಇಪ್ಪತ್ತೆಂಟು ಸಲ ಕಂಡದ್ದನ್ನು ಹೇಳಿದಳು. ಪೆನ್ಸಿಲಿನ ಮಾತು ಎತ್ತಲಿಲ್ಲ.

ಫೆಬ್ರವರಿ ೧೧, ಮಂಗಳವಾರ: ಮನೆ

ಅಪ್ಪ ಅಂಗಡಿಯಿಂದ ಬೇಗ ಬಂದಿದ್ದರು. ಶಾರದೆ ಸುರುಳಿಯನ್ನು ನನ್ನ ಕೈಯಿಂದ ಕಸಿದುಕೊಂಡಳು.

“ಅದು ಅಮ್ಮ ಅಲ್ಲ,” ಎಂದೆ ಮೊದಲೇ. “ದೊಡ್ಡಮ್ಮ. ಅಮ್ಮನದು ಬರೆಸಲಿಲ್ಲ.” ನಡೆದದ್ದನ್ನು ಹೇಳಿದೆ. ಅಪ್ಪ ಗೋಡೆಯ ಮೊಳೆಯ ಕಡೆ ನೋಡಿದರು. ಎದ್ದು ಅಂಗಡಿಗೆ ಹೋಗುತ್ತಾರೆಂದುಕೊಂಡೆ.

ಶಾರದೆ ಕಾಗದವನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ನೂಲಿನುಂಡೆ ಇಟ್ಟು, ಬಹಳ ಹೊತ್ತು ನೋಡಿದಳು.

“ಇವರಿಗೆ ಯಾಕೆ ಇಷ್ಟು ಸಿಟ್ಟು?” ಎಂದು ಕೇಳಿದಳು.

“ಸುಮ್ಮನೆ ಕೂರಿಸಿದರಲ್ಲ, ಅದಕ್ಕೆ.”

ಅಪ್ಪ ಇದ್ದಕ್ಕಿದ್ದಂತೆ ನಕ್ಕುಬಿಟ್ಟರು. “ನಿಮ್ಮಮ್ಮನದೂ ಇದೇ ಹಾಡು,” ಎಂದರು. “ಆ ಮದುವೆಯಲ್ಲಿ ಫೋಟೋದವನು ಬಟ್ಟೆಯೊಳಗೆ ತಲೆ ಹಾಕಿ ಎಣಿಸ್ತಾ ಇದ್ದಾನೆ, ಇವಳು ನನ್ನ ಕಡೆ ತಿರುಗಿ, ‘ಅನ್ನ ಸೀದುಹೋಗ್ತಿದೆ, ಇವನಿಗೆ ಮೂಗಿಲ್ಲವಾ’ ಅಂತ ಬೈತಾಳೆ. ಹೀಗೇ ಹುಬ್ಬು ಗಂಟು ಹಾಕಿಕೊಂಡು.” ಬಗ್ಗಿ ಕಾಗದದ ಮೇಲೆ ಬೆರಳಿಟ್ಟರು. “ಇಲ್ಲಿ, ಈ ಜಾಗದಲ್ಲಿ, ಒಂದು ಗೆರೆ ಬರ್ತಿತ್ತು.”

ಹನ್ನೆರಡು ವರ್ಷದಲ್ಲಿ ಅಪ್ಪ ಅಮ್ಮನ ವಿಷಯ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸೀದ ಅನ್ನ ಯಾರ ಮನೆಯದು, ಆಮೇಲೆ ಊಟಕ್ಕೆ ಏನು ಮಾಡಿದರು ಎಂದು ಅವರು ಇನ್ನೂ ಹೇಳುತ್ತಿದ್ದಾಗ ಶಾರದೆ ಎದ್ದು ಒಳಗೆ ಹೋದಳು. ಬರಲಿಲ್ಲವೆಂದು ನಾನು ಹೋಗಿ ನೋಡಿದರೆ, ಕನ್ನಡಿಯ ಮುಂದೆ ನಿಂತು, ಹುಬ್ಬು ಗಂಟು ಹಾಕಿ, ಸಿಟ್ಟು ಮಾಡಿಕೊಂಡು ನೋಡುತ್ತಿದ್ದಳು.